ಅಲ್ಲಲ್ಲಿ ಮಳೆ: ಬೆಂಗಳೂರಿನ ಅಕ್ಟೋಬರ್ ವಾರಕ್ಕೊಂದು ಟೀಕೆ

ಟೀಕೆ ಎಂದರೆ ಹಿಂದೆ ವ್ಯಾಖ್ಯಾನ, ಈಗ ಬೈಗುಳ. ಹವಾಮಾನ ಮುನ್ಸೂಚನೆಗೆ ನಮ್ಮೂರಲ್ಲಿ ಸಿಗುವುದು ಎರಡನೆಯ ಬಗೆಯ ಟೀಕೆ ಮಾತ್ರ. ‘ಅವರು ಮಳೆ ಅಂದ್ರೆ ಬಿಸಿಲು, ಬಿಸಿಲು ಅಂದ್ರೆ ಮಳೆ’ ಎನ್ನುವುದು ಆಟೊ ಸ್ಟ್ಯಾಂಡಿನಿಂದ ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೆ ಎಲ್ಲರಿಗೂ ಬಾಯಿಪಾಠ. ನಾನೂ ಬಹಳ ವರ್ಷ ಹಾಗೇ ಗೊಣಗುತ್ತ, ಕೊಡೆ ಮನೆಯಲ್ಲೇ ಬಿಟ್ಟು ನೆನೆದವನು. ಆಮೇಲೊಂದು ದಿನ ಆ ಪ್ರಕಟಣೆಯನ್ನು ಹಳಗನ್ನಡದ ಪದ್ಯ ಬಿಡಿಸುವ ಹಾಗೆ ಪದಪದವಾಗಿ ಬಿಡಿಸಲು ಕೂತೆ. ಅದರಲ್ಲಿ ಬಾಯಿಗೆ ಬಂದ ಹಾಗೆ ಹಾಕಿದ ಪದ ಒಂದೂ ಇರಲಿಲ್ಲ. ಒಂದೊಂದಕ್ಕೂ ಅಳತೆಯಿತ್ತು. ಅಳತೆ ಗೊತ್ತಿಲ್ಲದವನು ನಾನು.

ಇಲ್ಲಿ ಎತ್ತಿಕೊಂಡಿರುವುದು ಯಾವುದೋ ಒಂದು ದಿನದ ಪ್ರಕಟಣೆಯಲ್ಲ. ಅರಮನೆ ರಸ್ತೆಯ ಹವಾಮಾನ ಕೇಂದ್ರದಿಂದ ಅಕ್ಟೋಬರ್ ಬಂತೆಂದರೆ ಹೊರಬೀಳುವ ಬಗೆಯ ಸಾಲುಗಳನ್ನು ಒಂದು ವಾರದ ಪಾಠವಾಗಿ ನಾನೇ ಪೋಣಿಸಿಕೊಂಡಿದ್ದೇನೆ. ಪಂಚಾಂಗದ ಪ್ರಕಾರ ಇದು ಶರದೃತು, ಆಶ್ವಯುಜ–ಕಾರ್ತಿಕ. ಕಾವ್ಯದ ಶರತ್ತಿನಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬೆಂಗಳೂರಿನ ಶರತ್ತಿನಲ್ಲಿ ತೊಳೆಯುವ ಕೆಲಸ ಇನ್ನೂ ನಡೆದೇ ಇರುತ್ತದೆ. ಎಲೆ ಉದುರುವುದು ಇಲ್ಲಿ ಜನವರಿ, ಫೆಬ್ರವರಿಯ ಮಾತು. ಅಕ್ಟೋಬರಿನಲ್ಲಿ ಉದುರುವುದು ಆಕಾಶಮಲ್ಲಿಗೆ, ಅದೂ ರಾತ್ರಿ ಮಳೆ ಹುಯ್ದು ನಿಂತ ಬೆಳಗ್ಗೆ, ಒದ್ದೆ ಫುಟ್‌ಪಾತಿನ ಮೇಲೆ.

“ಬೆಂಗಳೂರು ನಗರ ಮತ್ತು ಸುತ್ತಮುತ್ತಲ ಪ್ರದೇಶ: ಮುಂದಿನ ಏಳು ದಿನಗಳ ಮುನ್ಸೂಚನೆ.”

ತೊಡಕು ಮೊದಲ ಎರಡು ಪದಗಳಲ್ಲೇ ಶುರುವಾಗುತ್ತದೆ. ಇಲಾಖೆಯ ದಾಖಲೆಯಲ್ಲಿ ‘ಬೆಂಗಳೂರು ನಗರ’ ಎಂದರೆ ಅರಮನೆ ರಸ್ತೆಯ ಆವರಣದಲ್ಲಿರುವ ವೀಕ್ಷಣಾಲಯ. ಎಚ್‌ಎಎಲ್ ವಿಮಾನ ನಿಲ್ದಾಣದ್ದು ಇನ್ನೊಂದು, 2008ರಲ್ಲಿ ದೇವನಹಳ್ಳಿ ಕಡೆ ಶುರುವಾದ ಕೆಂಪೇಗೌಡ ನಿಲ್ದಾಣದ್ದು ಮತ್ತೊಂದು. ಪತ್ರಿಕೆಯಲ್ಲಿ ‘ನಗರದಲ್ಲಿ ನಿನ್ನೆ ಇಷ್ಟು ಮಳೆ’ ಎಂದು ಓದುತ್ತೇವಲ್ಲ, ಅದು ಬಹುಪಾಲು ಆ ಒಂದು ಆವರಣದ ಹುಲ್ಲಿನ ಮೇಲೆ ಬಿದ್ದ ಮಳೆ. ಊರೋ, ಏಳುನೂರು ಚದರ ಕಿಲೋಮೀಟರು ದಾಟಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಬ್ಬದ ಬೆನ್ನ ಮೇಲೆ ಕೂತಿದೆ. ಒಂದೇ ಮಳೆಯ ನೀರು ಈ ಬೆನ್ನಿನ ಒಂದು ಪಕ್ಕಕ್ಕೆ ವೃಷಭಾವತಿ ಹಿಡಿದು ಅರ್ಕಾವತಿ, ಕಾವೇರಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ. ಇಷ್ಟು ದೊಡ್ಡ ಊರಿಗೆ ಒಂದೇ ಸಾಲಿನ ಭವಿಷ್ಯ. ‘ಸುತ್ತಮುತ್ತಲ’ ಎಂಬ ಪದದ ಮೇಲೆ ಬೀಳುವ ಭಾರ ಸಣ್ಣದಲ್ಲ.

ಹಾಗೆಂದು ಅಳೆಯುವವರೇ ಇಲ್ಲ ಎಂದಲ್ಲ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಹುಟ್ಟಿ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಯಲಹಂಕದ ಸಂಸ್ಥೆ, ಗ್ರಾಮ ಪಂಚಾಯಿತಿಗೊಂದರಂತೆ ತನ್ನಷ್ಟಕ್ಕೆ ಅಂಕಿ ಕಳಿಸುವ ಮಳೆಮಾಪಕ ನೆಟ್ಟಿದೆ. ನಗರದೊಳಗೂ ಅದರ ಮಾಪಕಗಳಿವೆ. ರಾತ್ರಿ ಹನ್ನೊಂದಕ್ಕೆ ‘ಹೊರಮಾವಿನಲ್ಲಿ ಇಷ್ಟು, ಕೆಂಗೇರಿಯಲ್ಲಿ ಇಷ್ಟು’ ಎಂದು ಟಿವಿಯಲ್ಲಿ ಓಡುವ ಅಂಕಿಗಳು ಸಾಮಾನ್ಯವಾಗಿ ಅಲ್ಲಿಂದ ಬಂದವು. ಎರಡು ಇಲಾಖೆ, ಎರಡು ಲೆಕ್ಕ. ಎರಡೂ ಸರಿ, ಜಾಗ ಬೇರೆ.

“ನೈರುತ್ಯ ಬಂಗಾಳ ಕೊಲ್ಲಿ ಮತ್ತು ತಮಿಳುನಾಡು ಕರಾವಳಿಯ ಮೇಲೆ ಸಮುದ್ರಮಟ್ಟದಿಂದ 3.1 ಕಿ.ಮೀ. ಎತ್ತರದವರೆಗೆ ಮೇಲ್ಮೈ ಸುಳಿಗಾಳಿ ಇದೆ.”

ಓದುಗರು ಹಾರಿಸಿಬಿಡುವ ಸಾಲು ಇದು. ನನಗೆ ಇದರಲ್ಲೇ ಹೆಚ್ಚು ಸ್ವಾರಸ್ಯ. ಮೂರು ಕಿಲೋಮೀಟರು ಸಾಲದೆ, ಅದೇನು 3.1? ಬೇರೆ ದಿನ ನೋಡಿದರೆ 1.5, 5.8 ಎಂದಿರುತ್ತದೆ, ದುಂಡು ಅಂಕಿ ಕಾಣುವುದೇ ಕಡಿಮೆ. ಕಾರಣ, ಆಕಾಶವನ್ನು ಇವರು ಎತ್ತರದಿಂದ ಅಳೆಯುವುದಿಲ್ಲ, ಗಾಳಿಯ ಒತ್ತಡದಿಂದ ಅಳೆಯುತ್ತಾರೆ. ಬೆಳಗಿನ 5.30 ಮತ್ತು ಸಂಜೆಯ 5.30ರ ಲೆಕ್ಕಕ್ಕೆ ದೇಶದ ಹಲವೆಡೆ ಬಲೂನು ಹಾರಿಸುತ್ತಾರೆ, ಬೆಂಗಳೂರಿನಲ್ಲೂ. ಅದರ ಬಾಲಕ್ಕೆ ಕಟ್ಟಿದ ಪುಟ್ಟ ಡಬ್ಬಿ ಮೇಲೇರುತ್ತ ಒತ್ತಡ, ಉಷ್ಣಾಂಶ, ತೇವವನ್ನು ಕೆಳಕ್ಕೆ ಹೇಳುತ್ತ ಹೋಗುತ್ತದೆ. ಒತ್ತಡ 850 ಹೆಕ್ಟೊಪ್ಯಾಸ್ಕಲ್‌ಗೆ ಇಳಿಯುವ ಮಟ್ಟ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ.ಗೆ ಸಿಗುತ್ತದೆ, 700ರದ್ದು 3.1ಕ್ಕೆ, 500ರದ್ದು 5.8ಕ್ಕೆ. ಆ ಮಟ್ಟಗಳಿಗೆ ಒಂದೊಂದು ನಕ್ಷೆ. ಮಹಡಿ ಮನೆಯ ಅಂತಸ್ತುಗಳ ಹಾಗೆ ಆಕಾಶಕ್ಕೂ ಅಂತಸ್ತು ಮಾಡಿಕೊಂಡಿದ್ದಾರೆ. ‘3.1 ಕಿ.ಮೀ.ವರೆಗೆ ಸುಳಿಗಾಳಿ’ ಎಂದರೆ, ಆ ಮಹಡಿಯವರೆಗೂ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದೆ ಎಂದರ್ಥ. ಸುತ್ತುವ ಗಾಳಿ ನಡುವಿಗೆ ಸೇರುತ್ತದೆ, ಸೇರಿದ್ದು ಮೇಲೇರಲೇಬೇಕು, ಮೇಲೇರಿದ ತೇವ ತಣಿದು ಮೋಡವಾಗಬೇಕು. ಮಹಡಿ ಎತ್ತರವಾದಷ್ಟೂ ಮಳೆಯ ಬಂಡವಾಳ ಗಟ್ಟಿ.

ಇದೇ ಸುಳಿ ಬಲಿತರೆ ಹೆಸರು ಬದಲಾಗುತ್ತದೆ. ಮೊದಲು ‘ಕಡಿಮೆ ಒತ್ತಡದ ಪ್ರದೇಶ’. ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ‘ವಾಯುಭಾರ ಕುಸಿತ’, 62 ಮುಟ್ಟಿದರೆ ಚಂಡಮಾರುತ, ಹೆಸರಿಡುವುದು ಆಗಲೇ. ನಮ್ಮ ಸುದ್ದಿವಾಹಿನಿಗಳು ಮಾತ್ರ ಮೂರನ್ನೂ ‘ವಾಯುಭಾರ ಕುಸಿತ’ದ ಒಂದೇ ಚೀಲಕ್ಕೆ ತುಂಬಿ, ಹಿಂದೆ ಗುಡುಗಿನ ಸದ್ದು ಹಾಕುತ್ತವೆ.

ಚೆನ್ನೈ ಕಡಲಿಗೂ ಬೆಂಗಳೂರಿಗೂ ಏನು ನಂಟು ಎಂದು ಕೇಳುವವರಿಗೆ 2024ರ ಅಕ್ಟೋಬರ್ ಉತ್ತರ. ಚೆನ್ನೈ ಹತ್ತಿರ ಕಡಲಲ್ಲಿದ್ದ ವಾಯುಭಾರ ಕುಸಿತ 17ರ ಬೆಳಗಿನ ಹೊತ್ತಿಗೆ ದಡ ಹತ್ತಿತು. ಅದರ ಹಿಂದಿನ ದಿನ, 16ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ನ್ಯೂಜಿಲೆಂಡ್ ಟೆಸ್ಟ್ ಶುರುವಾಗಬೇಕಿತ್ತು. ಟಾಸ್ ಕೂಡ ಆಗದೆ ದಿನ ಮುಗಿಯಿತು. ಮಾರನೇ ದಿನ ಮೋಡದಡಿ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡ ಭಾರತ 46ಕ್ಕೆ ಆಲೌಟಾಯಿತು, ತವರಿನ ನೆಲದಲ್ಲಿ ತನ್ನ ಅತಿ ಕಡಿಮೆ ಮೊತ್ತಕ್ಕೆ. ಸಾಲದ್ದಕ್ಕೆ, ಎದುರಾಳಿಗಳ ಪರವಾಗಿ ಶತಕ ಹೊಡೆದ ರಚಿನ್ ರವೀಂದ್ರರ ತಂದೆ ಬೆಂಗಳೂರಿನವರು! ಮೇಲ್ಮೈ ಸುಳಿಗಾಳಿಯ ಸಾಲನ್ನು ಹಾರಿಸಿ ಓದಬಾರದು ಎನ್ನುವುದಕ್ಕೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

“ನೈರುತ್ಯ ಮುಂಗಾರು ಹಿಂದೆ ಸರಿಯುತ್ತಿದೆ, ಈಶಾನ್ಯ ಹಿಂಗಾರಿನ ಆರಂಭಕ್ಕೆ ಪರಿಸ್ಥಿತಿ ಅನುಕೂಲವಾಗಿದೆ.”

ಮುಂಗಾರು, ಹಿಂಗಾರು. ಮುಂದೆ ಬರುವ ಕಾರು, ಹಿಂದೆ ಬರುವ ಕಾರು. ಕಾರು ಎಂದರೆ ಮಳೆಗಾಲ. ದಿಕ್ಕು ಹೇಳದೆ ಸರದಿ ಹೇಳುವ ಈ ಎರಡು ಪದ ಇರುವಾಗ ‘ನೈರುತ್ಯ ಮಾರುತ’, ‘ಈಶಾನ್ಯ ಮಾರುತ’ ಏಕೆ ಬೇಕು ಎಂದು ನನಗೆ ಅನಿಸುವುದುಂಟು. ಆದರೆ ಇಲ್ಲಿ ದಿಕ್ಕಿಗೂ ಕೆಲಸವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಡುಗಾಳಿ ಘಟ್ಟದಲ್ಲೇ ಹೊರೆ ಇಳಿಸಿ, ಬೆಂಗಳೂರಿಗೆ ಬರುವಷ್ಟರಲ್ಲಿ ಬರಿಗೈ. ಆಷಾಢದಲ್ಲಿ ನಮಗೆ ಸಿಗುವುದು ಗಾಳಿ, ಮೋಡ, ಆಗಾಗ ಜಿಟಿಜಿಟಿ. ಸೆಪ್ಟೆಂಬರ್ ಹೊತ್ತಿಗೆ ಪಡುಗಾಳಿ ಕೈ ಸೋಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೆಲ ಕಾಯುತ್ತದೆ, ಬಂಗಾಳ ಕೊಲ್ಲಿಯ ಕಡೆಯಿಂದ ತೇವ ತೂರಿಕೊಳ್ಳುತ್ತದೆ. ಮೋಡವನ್ನು ಅಟ್ಟಿಕೊಂಡು ಹೋಗುವ ಗಾಳಿ ಇಲ್ಲದ್ದರಿಂದ ಅದು ನಿಂತಲ್ಲೇ ಬೆಳೆದು, ನಿಂತಲ್ಲೇ ಸುರಿಯುತ್ತದೆ. ಊರೆಲ್ಲ ಮಳೆಗಾಲ ಎನ್ನುವ ಜುಲೈಗಿಂತ, ಮಳೆಗಾಲ ಮುಗಿಯಿತು ಎನ್ನುವ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬೆಂಗಳೂರಿಗೆ ಮಳೆ ಹೆಚ್ಚು.

2020ರಲ್ಲಿ ಪರಿಷ್ಕರಿಸಿದ ವಾಡಿಕೆಯ ಪ್ರಕಾರ ಮುಂಗಾರು ರಾಜಸ್ಥಾನದ ವಾಯವ್ಯ ಮೂಲೆಯಿಂದ ಸೆಪ್ಟೆಂಬರ್ 17ಕ್ಕೆ ಹೊರಟು ಅಕ್ಟೋಬರ್ 15ಕ್ಕೆ ದೇಶ ಬಿಡುತ್ತದೆ. ಹಿಂಗಾರಿನ ವಾಡಿಕೆ ದಿನ ಅಕ್ಟೋಬರ್ 20ರ ಆಸುಪಾಸು. ಹಿಂಗಾರು ಬಂತು ಎನ್ನಲು ಮಳೆ ಬಿದ್ದರಷ್ಟೇ ಸಾಲದು: ಗಾಳಿ ಮೂಡಣಕ್ಕೆ ತಿರುಗಿ ನಿಲ್ಲಬೇಕು, ಆ ಮೂಡುಗಾಳಿ ಒಂದೂವರೆ ಕಿ.ಮೀ.ಯ ಮಹಡಿಯವರೆಗೂ ಇರಬೇಕು, ತಮಿಳುನಾಡಿನ ಕರಾವಳಿಯಲ್ಲಿ ಹಲವೆಡೆ ಮಳೆಯಾಗಬೇಕು. ಇಷ್ಟಾದರೂ ಅಕ್ಟೋಬರ್ 10ಕ್ಕೆ ಮೊದಲು ಘೋಷಿಸುವಂತಿಲ್ಲ. ಕೆಲವು ವರ್ಷ ನಡುವೆ ಬಿಡುವಿರುತ್ತದೆ. ಕೆಲವು ವರ್ಷ ಅದೂ ಇಲ್ಲ. 2024ರಲ್ಲಿ ಮುಂಗಾರು ಹೋದದ್ದು, ಹಿಂಗಾರು ಬಂದದ್ದು ಒಂದೇ ದಿನ, ಅಕ್ಟೋಬರ್ 15. ಹಳೆ ಬಾಡಿಗೆಯವರು ಸಾಮಾನು ಇಳಿಸುತ್ತಿರುವಾಗಲೇ ಹೊಸಬರ ಲಾರಿ ಗೇಟಿಗೆ ಬಂದ ಹಾಗೆ.

“ಸಾಮಾನ್ಯವಾಗಿ ಮೋಡ ಕವಿದ ಆಕಾಶ.”

ಆಕಾಶವನ್ನು ಎಂಟು ಪಾಲು ಮಾಡಿ, ಐದರಿಂದ ಏಳು ಪಾಲಿಗೆ ಮೋಡವಿದ್ದರೆ ಈ ಮಾತು. ಮೂರು, ನಾಲ್ಕು ಪಾಲಿಗಿದ್ದರೆ ‘ಭಾಗಶಃ ಮೋಡ’. ಮುಂದಕ್ಕೆ ಹೋಗೋಣ.

“ಕೆಲವೆಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಹೆಚ್ಚಿದೆ.”

ವಾರದ ಏಳು ದಿನದಲ್ಲಿ ಐದು ದಿನ ಇದೇ ಸಾಲು. ಬೈಗುಳ ತಿನ್ನುವುದೂ ಇದೇ. ಇದರ ನಾಲ್ಕು ಪದಗಳಿಗೆ ನಾಲ್ಕು ಅಳತೆಗೋಲುಗಳಿವೆ.

ಮೊದಲನೆಯದು ‘ಕೆಲವೆಡೆ’. ಒಂದು ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾದರೆ ‘ಒಂದೆರಡು ಕಡೆ’. 26ರಿಂದ 50ರವರೆಗೆ ‘ಕೆಲವೆಡೆ’. 51ರಿಂದ 75ಕ್ಕೆ ‘ಹಲವೆಡೆ’. ಅದಕ್ಕೂ ಮೇಲೆ ‘ಬಹುತೇಕ ಕಡೆ’. ನಾಲ್ಕು ಮೆಟ್ಟಿಲು. ಪತ್ರಿಕೆಯ ಮೂಲೆಗೆ ಬರುವಷ್ಟರಲ್ಲಿ ನಾಲ್ಕೂ ಕರಗಿ ಒಂದೇ ಪದ ಉಳಿದಿರುತ್ತದೆ: ‘ಅಲ್ಲಲ್ಲಿ’. ಎಂಥ ಪದ ನೋಡಿ! ಅಲ್ಲಿ, ಮತ್ತೆ ಅಲ್ಲಿ. ಎಲ್ಲಿ ಹುಡುಕಿದರೂ ಅದರೊಳಗೆ ಒಂದು ‘ಇಲ್ಲಿ’ ಇಲ್ಲ. ಓದುವವನು ಮಾತ್ರ ಯಾವಾಗಲೂ ಇಲ್ಲಿ ಇರುತ್ತಾನೆ.

ಎರಡನೆಯದು ‘ಸಾಧ್ಯತೆ ಹೆಚ್ಚಿದೆ’. ಬರೀ ‘ಸಾಧ್ಯತೆ ಇದೆ’ ಎಂದರೆ ನೂರಕ್ಕೆ 25ರಿಂದ 50 ಪಾಲು. ‘ಹೆಚ್ಚಿದೆ’ ಎಂದರೆ 50ರಿಂದ 75. 75ರ ಮೇಲಕ್ಕೆ ಇನ್ನೂ ಗಟ್ಟಿಯಾದ ಮಾತು ಬೇರೆಯಿದೆ. ಕನ್ನಡದ ಸುದ್ದಿಯಲ್ಲಿ ಇವೂ ಒಂದೇ ‘ಸಾಧ್ಯತೆ’ಯಾಗಿ ಸವೆದಿವೆ. ಇಲಾಖೆಯ ಅಳತೆ ತಪ್ಪುವುದಕ್ಕಿಂತ ಹೆಚ್ಚಾಗಿ, ಅಳತೆ ನಮ್ಮ ಭಾಷೆಗೆ ಬರುವ ದಾರಿಯಲ್ಲಿ ಚೆಲ್ಲಿಹೋಗುತ್ತಿದೆ ಎನ್ನುವುದು ನನ್ನ ದೂರು.

ಈಗ ಒಂದು ಒರಟು ಲೆಕ್ಕ. ಮಳೆಯಾಗುವ ಸಾಧ್ಯತೆ ನೂರಕ್ಕೆ 60, ಆದರೆ ಆಗುವುದು ನೂರರಲ್ಲಿ 40 ಜಾಗಗಳಲ್ಲಿ ಎಂದಿಟ್ಟುಕೊಳ್ಳಿ. ನಿಮ್ಮ ಮನೆಯ ತಾರಸಿ ನೆನೆಯುವ ಸಾಧ್ಯತೆ ಆ 60ರಲ್ಲಿ ನೂರಕ್ಕೆ 40 ಪಾಲು, ಅಂದರೆ ನೂರಕ್ಕೆ 24. ನಾಲ್ಕು ದಿನ ಕೊಡೆ ಹೊತ್ತರೆ ಮೂರು ದಿನ ಒಣ ಕೊಡೆ ಮನೆಗೆ ತರುತ್ತೀರಿ, ಆ ಮೂರೂ ದಿನ ಮುನ್ಸೂಚನೆ ಸರಿಯಾಗಿಯೇ ಇರುತ್ತದೆ. ಮೊದಲ ಸಲ ಈ ಗುಣಾಕಾರ ಮಾಡಿದಾಗ, ಇಷ್ಟು ವರ್ಷ ಬೈದ ಬೈಗುಳವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಲೆಕ್ಕ ಬೇಡ ಎನ್ನುವವರಿಗೆ ಗಾದೆಯೇ ಇದೆ. ಅಕ್ಟೋಬರ್ ಎರಡನೇ ವಾರದಿಂದ ಹದಿಮೂರು, ಹದಿನಾಲ್ಕು ದಿನ ಚಿತ್ತೆ ಮಳೆ. ಅದರ ಹಿಂದೆ ಹಸ್ತ, ಮುಂದೆ ಸ್ವಾತಿ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎನ್ನುತ್ತಾರೆ ರೈತರು. ಚಿತ್ತೆಗೆ ಕಣ್ಣಿಲ್ಲ, ಕೈಗೆ ಬಂದತ್ತ ಎರಚುತ್ತಾಳೆ, ಬಿದ್ದ ಹೊಲಕ್ಕೆ ಬೆಳೆ, ಬದುವಿನಾಚೆ ಒಣನೆಲ. ಬಲೂನು, ಉಪಗ್ರಹ ಯಾವುದೂ ಇಲ್ಲದೆ, ನೂರಾರು ವರ್ಷ ನೆನೆದೂ ಒಣಗಿಯೂ ಬರೆದ ‘ಕೆಲವೆಡೆ’ಯ ವ್ಯಾಖ್ಯಾನ ಅದು. ಹೋದ ವರ್ಷ ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಆಟೊ ಹತ್ತಿದೆ. ಪಕ್ಕದ ಪ್ಲಾಸ್ಟಿಕ್ ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಸೀಟಿನ ತುದಿ ಒದ್ದೆ. ರಸ್ತೆಯಲ್ಲಿ ಧೂಳು. ‘ಎಲ್ಲಪ್ಪಾ ನೆನೆದೆ?’ ಎಂದೆ. ‘ಜಯನಗರದಾಗೆ ಹುಯ್ತಾ ಐತೆ ಸಾರ್, ವೈಪರು ಆಡ್ಲಿಲ್ಲ ಅಂತ ನಿಲ್ಲಿಸ್ಬುಟ್ಟಿದ್ದೆ. ಸೌತ್ ಎಂಡ್ ಸರ್ಕಲ್ ದಾಟಿದ್ಮೇಲೆ ಒಂದು ಹನಿ ಇಲ್ಲ, ನೋಡಿ’ ಎಂದ. ಎರಡು ಬಡಾವಣೆಯ ನಡುವೆ ಹೆಚ್ಚೆಂದರೆ ಎರಡು, ಮೂರು ಕಿಲೋಮೀಟರು. ಗುಡುಗಿನ ಮೋಡದ ಬುಡದ ಅಗಲವೂ ಹೆಚ್ಚು ಕಡಿಮೆ ಅಷ್ಟೇ ಆಗಿರಬಹುದು.

ಮೂರನೆಯದು ‘ಹಗುರದಿಂದ ಸಾಧಾರಣ’. ಇಪ್ಪತ್ತನಾಲ್ಕು ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ, 15.6ರಿಂದ 64.4ರವರೆಗೆ ಸಾಧಾರಣ. ಅರವತ್ತು ಮಿ.ಮೀ. ಬಿದ್ದರೂ ಇಲಾಖೆಯ ಭಾಷೆಯಲ್ಲಿ ಅದು ಸಾಧಾರಣವೇ! ದಿನವಿಡೀ ಹದವಾಗಿ ಬಿದ್ದರೆ ಒಪ್ಪಬಹುದು. ಆದರೆ ಚಿತ್ತೆ ಅಷ್ಟನ್ನೂ ಸಂಜೆ ಆರರಿಂದ ಏಳರೊಳಗೆ ಸುರಿದುಬಿಡುತ್ತಾಳೆ. ಅಳತೆಗೋಲಿಗೆ ದಿನದ ಮೊತ್ತ ಮಾತ್ರ ಗೊತ್ತು, ಎಷ್ಟು ಹೊತ್ತಿನಲ್ಲಿ ಎಂಬುದು ಗೊತ್ತಿಲ್ಲ. ಅಂಡರ್‌ಪಾಸಿಗೆ ಗೊತ್ತಿರುವುದೋ, ಎಷ್ಟು ಹೊತ್ತಿನಲ್ಲಿ ಎಂಬುದೊಂದೇ. ಇಡೀ ಪಾಠದಲ್ಲಿ ನನಗೆ ನಿಜವಾಗಿ ತಕರಾರಿರುವುದು ಈ ಒಂದು ಪದದ ಮೇಲೆ. ಬೆಂಗಳೂರಿನಂಥ ಕಾಂಕ್ರೀಟು ಊರಿಗೆ ‘ಸಾಧಾರಣ’ ಎಂಬುದು ನೆಮ್ಮದಿ ಹುಟ್ಟಿಸುವ ಪದ, ಆ ನೆಮ್ಮದಿಗೆ ಆಧಾರ ಕಡಿಮೆ.

ನಾಲ್ಕನೆಯದು ‘ಗುಡುಗು ಸಹಿತ’. ಇದು ಅಲಂಕಾರವಲ್ಲ, ಮೋಡದ ಜಾತಿ. ಜುಲೈನ ಮಳೆಗೆ ಗುಡುಗು ಕಡಿಮೆ, ಅಕ್ಟೋಬರಿನದಕ್ಕೆ ಗುಡುಗು ಹುಟ್ಟಿನಿಂದ ಬಂದದ್ದು. ಬಯಲಲ್ಲಿ ರಾಗಿ ಹೊಲ ಕಾಯುವವರಿಗೆ, ಕುರಿ ಮೇಯಿಸುವವರಿಗೆ ಈ ಎರಡು ಪದ ಉಳಿದ ಇಡೀ ಸಾಲಿಗಿಂತ ಮುಖ್ಯ. ಮರದಡಿ ನಿಲ್ಲಬೇಡಿ ಎಂಬ ಮಾತು ಎಷ್ಟು ಸಲ ಹೇಳಿದರೂ, ಮಳೆ ಬಂದಾಗ ಮನುಷ್ಯನ ಕಾಲು ಹೋಗುವುದು ಮರದ ಕಡೆಗೇ.

“ಮೂರನೇ ಮತ್ತು ನಾಲ್ಕನೇ ದಿನ ಒಂದೆರಡು ಕಡೆ ಭಾರಿ ಮಳೆ, ಹಳದಿ ಎಚ್ಚರಿಕೆ.”

ಭಾರಿ ಎಂದರೆ 64.5 ಮಿ.ಮೀ. ಮೇಲೆ. 115.6 ದಾಟಿದರೆ ‘ಅತಿ ಭಾರಿ’, 204.5ಕ್ಕೆ ‘ಅತ್ಯಂತ ಭಾರಿ’. ಮಿಲಿಮೀಟರು ಎಂದರೆ ನೂಲಿನಷ್ಟು ದಪ್ಪ ಎನಿಸಿ ಯಾರೂ ಹೆದರುವುದಿಲ್ಲ. ಅದನ್ನು ಬಿಂದಿಗೆಯಲ್ಲಿ ಹೇಳಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ಮೂವತ್ತು–ನಲವತ್ತರ ಸೈಟು ಸುಮಾರು 111 ಚದರ ಮೀಟರು. ಅದರ ಮೇಲೆ 64.5 ಮಿ.ಮೀ. ಬಿದ್ದರೆ ಏಳು ಸಾವಿರ ಲೀಟರಿಗೂ ಮೇಲೆ. ಬೇಸಿಗೆಯಲ್ಲಿ ಫೋನ್ ಮೇಲೆ ಫೋನ್ ಮಾಡಿ ಕಾಡಿ ಬೇಡಿ ತರಿಸುವ ಆರು ಸಾವಿರ ಲೀಟರಿನ ಟ್ಯಾಂಕರಿಗಿಂತ ಹೆಚ್ಚು ನೀರು, ಒಂದೇ ಸಂಜೆ, ಪುಕ್ಕಟೆ, ನಿಮ್ಮ ಒಂದು ಸೈಟಿಗೆ. ಅದು ಸಂಪಿಗೆ ಹೋಗುತ್ತದೋ ಬೀದಿಗೆ ಹೋಗುತ್ತದೋ ಎನ್ನುವುದು ಹವಾಮಾನ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಜನ ಇದನ್ನು ಟ್ರಾಫಿಕ್ ಸಿಗ್ನಲಿನ ಹಾಗೆ ಓದುತ್ತಾರೆ. ಬೆಂಗಳೂರಿನಲ್ಲಿ ಹಳದಿ ದೀಪ ಕಂಡರೆ ಎಲ್ಲರೂ ಇನ್ನಷ್ಟು ಜೋರಾಗಿ ನುಗ್ಗುವುದು ರೂಢಿ. ಅಕ್ಟೋಬರಿನ ಚರಿತ್ರೆ ಮಾತ್ರ ನುಗ್ಗುವಂಥದ್ದಲ್ಲ. 1997ರ ಅಕ್ಟೋಬರ್ 1ರಂದು ನಗರದ ವೀಕ್ಷಣಾಲಯದಲ್ಲಿ ದಾಖಲಾದದ್ದು ಒಂದೇ ದಿನಕ್ಕೆ 178.9 ಮಿ.ಮೀ. ಇಡೀ ತಿಂಗಳ ವಾಡಿಕೆಯೇ ಇನ್ನೂರಕ್ಕಿಂತ ಕಡಿಮೆ. 2005ರ ಅಕ್ಟೋಬರಿನ ಒಟ್ಟು 605.6. 2022ರಲ್ಲಂತೂ ಅಕ್ಟೋಬರ್ ಮುಗಿಯುವ ಮೊದಲೇ ವರ್ಷದ ಮಳೆ 1,700 ಮಿ.ಮೀ. ದಾಟಿ, 2017ರ ದಾಖಲೆಯನ್ನು ಅಳಿಸಿತು. 2024ರ ಅದೇ ತಿಂಗಳ ನಾಲ್ಕನೇ ವಾರ ಯಲಹಂಕದ ವಸತಿ ಸಮುಚ್ಚಯವೊಂದರಿಂದ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಬಯಲುಸೀಮೆಯ ದಿಬ್ಬದ ಮೇಲಿನ ಊರಿನಲ್ಲಿ ದೋಣಿ! ಕೆರೆ ಎಲ್ಲಿತ್ತು, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬ ಹಳೆಯ ನಕ್ಷೆಯನ್ನು ನೀರು ಮರೆತಿಲ್ಲ.

“ಗರಿಷ್ಠ ಉಷ್ಣಾಂಶ 28 ಡಿಗ್ರಿ, ಕನಿಷ್ಠ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಇರಬಹುದು.”

‘ಕಾರಿನಲ್ಲಿ 33 ತೋರಿಸುತ್ತಿದೆ, ಇವರು 28 ಅನ್ನುತ್ತಾರೆ’ ಎನ್ನುವುದು ಇನ್ನೊಂದು ನಿತ್ಯದ ಆಕ್ಷೇಪ. ಕಾರು ಹೇಳುವುದು ಟಾರು ರಸ್ತೆಯ, ಎಂಜಿನ್ನಿನ, ಮುಂದಿನ ಬಸ್ಸಿನ ಬಿಸಿಯನ್ನೂ ಸೇರಿಸಿ. ಇಲಾಖೆ ಹೇಳುವುದು ನೆರಳಿನ ಗಾಳಿಯ ಬಿಸಿ. ಹುಲ್ಲುನೆಲದ ಮೇಲೆ, ಎದೆಯೆತ್ತರದಲ್ಲಿ, ಗಾಳಿಯಾಡುವ ಪಟ್ಟಿಗಳ ಬಿಳಿಯ ಮರದ ಪೆಟ್ಟಿಗೆಯೊಳಗೆ ಉಷ್ಣಮಾಪಕ ಇರುತ್ತದೆ. ಆ ಪೆಟ್ಟಿಗೆಯನ್ನು ರೂಪಿಸಿದವರು ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್ಸನ್, ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ನರ ತಂದೆ. ಮಗನ ಹೆಸರು ಕಪಾಟಿನಲ್ಲಿ ಉಳಿಯಿತು, ಅಪ್ಪನದು ಜಗತ್ತಿನ ವೀಕ್ಷಣಾಲಯಗಳ ಅಂಗಳದಲ್ಲಿ.

ಎರಡು ಅಂಕಿಗಳಿಗಿಂತ ಅವುಗಳ ನಡುವಿನ ಅಂತರ ನೋಡಿ. ಮೋಡ ಹಗಲಿನ ಬಿಸಿಲನ್ನು ತಡೆಯುತ್ತದೆ, ರಾತ್ರಿ ನೆಲದ ಬಿಸಿ ಮೇಲೆ ಹೋಗದಂತೆ ಕಂಬಳಿ ಹೊದಿಸುತ್ತದೆ. ಅಂತರ ಐದಾರು ಡಿಗ್ರಿಗೆ ಕುಗ್ಗಿದ ದಿನ ಒಗೆದ ಬಟ್ಟೆ ಒಣಗುವುದಿಲ್ಲ. ಅಂತರ ಹತ್ತು ದಾಟಿತೆಂದರೆ ಆಕಾಶ ತಿಳಿಯಾಗಿದೆ, ಟ್ರಂಕಿನಿಂದ ಸ್ವೆಟರು ತೆಗೆಯಬಹುದು.

“ಬೆಳಗಿನ ಜಾವ ಕೆಲವೆಡೆ ಮಂಜು ಮುಸುಕುವ ಸಾಧ್ಯತೆ ಇದೆ.”

ಹಳೆ ಮೈಸೂರಿನವರಿಗೆ ಇದು ಕಾವಳ. ಒಂದು ಕಿ.ಮೀ. ದೂರದ್ದೂ ಕಾಣದಷ್ಟು ಕವಿದರೆ ಇಲಾಖೆಯ ಲೆಕ್ಕದಲ್ಲಿ ಮಂಜು. ಹಿಂದಿನ ಸಂಜೆ ಮಳೆ ಬಿದ್ದು, ರಾತ್ರಿ ಮೋಡ ಸರಿದು, ಗಾಳಿ ನಿಂತರೆ ಸಾಕು, ಒದ್ದೆ ನೆಲ ತಣ್ಣಗಾಗಿ ಕಾವಳ ಏಳುತ್ತದೆ. ನಗರದ ಒಳಗೆ ಗೋಡೆಗಳ ಬಿಸಿಗೆ ಅದು ಅಷ್ಟಾಗಿ ನಿಲ್ಲುವುದಿಲ್ಲ. ನಿಲ್ಲುವುದು ಬಯಲಿನ ದೇವನಹಳ್ಳಿ ಕಡೆ, ವಿಮಾನಗಳನ್ನು ನಿಲ್ಲಿಸುವುದೂ ಅಲ್ಲೇ.

ಈ ಸಾಲನ್ನು ಹೊಸಕೋಟೆ, ದೊಡ್ಡಬಳ್ಳಾಪುರ, ಮಾಗಡಿಯ ರೈತರು ಬೇರೆಯೇ ರೀತಿ ಓದುತ್ತಾರೆ. ರಾಗಿ ತೆನೆ ಬಿಟ್ಟು ಹಾಲು ತುಂಬುವ ಹೊತ್ತು. ಹದವಾದ ಮಳೆ ಬಂದರೆ ಕಾಳು ಗಟ್ಟಿ, ಗಾಳಿಯ ಜೊತೆ ಹೊಡೆದರೆ ಪೈರು ಮಲಗುತ್ತದೆ. ಸಾಲಿನ ನಡುವೆ ಅವರೆ ಹೂವಿಗೆ ಬರುತ್ತಿರುತ್ತದೆ, ಅದಕ್ಕೆ ಬೇಕಾದದ್ದು ಇಬ್ಬನಿ. ಸೊಗಡು ಹತ್ತುವುದು ಇಬ್ಬನಿಗೆ ಎಂಬುದು ಅವರ ಅನುಭವದ ಮಾತು. ಡಿಸೆಂಬರಿನ ಹಿತಕವರೆ ಸಾರಿನ ಪರಿಮಳದ ಮುನ್ಸೂಚನೆ ಅಕ್ಟೋಬರಿನ ಈ ಸಾಲಿನಲ್ಲಿದೆ. ಅವರಿಗಾಗಿ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೇರೆಯೇ ಕೃಷಿ ಹವಾಮಾನ ಪ್ರಕಟಣೆ ಬರುತ್ತದೆ. ಔಷಧ ಸಿಂಪಡಿಸಬಹುದೇ, ಕೊಯ್ಲು ಮುಂದೂಡಬೇಕೇ ಎಂದು ಹೇಳುವ ಆ ಪ್ರಕಟಣೆಯ ಕನ್ನಡ ನಗರದ್ದಕ್ಕಿಂತ ಚೆನ್ನಾಗಿರುತ್ತದೆ. ಓದುವವನಿಗೆ ಅದರಿಂದ ಕೆಲಸವಿದೆ ಎಂದು ಗೊತ್ತಿದ್ದು ಬರೆದದ್ದು ಹಾಗೇ ಇರುತ್ತದೆ.

“ಐದರಿಂದ ಏಳನೇ ದಿನ: ಹೆಚ್ಚಿನ ಬದಲಾವಣೆ ಇಲ್ಲ.”

ಇದನ್ನು ನಂಬಿ ಮದುವೆಗೆ ಶಾಮಿಯಾನ ಹಾಕಿಸಬೇಡಿ. ಮೊದಲ ಎರಡು, ಮೂರು ದಿನದ ಮಾತಿಗೆ ಇರುವ ಗಟ್ಟಿತನ ಏಳನೇ ದಿನದ್ದಕ್ಕೆ ಇರುವುದಿಲ್ಲ, ಅದನ್ನು ಇಲಾಖೆಯೂ ಬಚ್ಚಿಡುವುದಿಲ್ಲ. ದಿನವೂ ಹೊಸ ಪ್ರಕಟಣೆ ಬರುವುದು ಅದಕ್ಕೇ. ಸೋಮವಾರ ಓದಿದ ಭಾನುವಾರದ ಭವಿಷ್ಯವನ್ನು ಶುಕ್ರವಾರ ಮತ್ತೊಮ್ಮೆ ಓದಬೇಕು.

“ಇಂದು ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ದಾಖಲಾದ ಮಳೆ: ಬೆಂಗಳೂರು ನಗರ, ಎಚ್‌ಎಎಲ್, ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ…”

ಅಂಕಿ ದಿನಕ್ಕೊಂದು ಬಗೆ, ಬಿಟ್ಟಿದ್ದೇನೆ. ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ ಎಂಟೂವರೆಗೆ ಬದಲಾಗುತ್ತದೆ. ಗ್ರೀನಿಚ್‌ನಲ್ಲಿ ಆಗ ಮುಂಜಾನೆ ಮೂರು ಗಂಟೆ, ಜಗತ್ತಿನ ವೀಕ್ಷಣಾಲಯಗಳು ಏಕಕಾಲಕ್ಕೆ ಕಣ್ಣು ತೆರೆಯುವ ಗಳಿಗೆಗಳಲ್ಲಿ ಒಂದು. ಹೀಗಾಗಿ ಸೋಮವಾರ ರಾತ್ರಿ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಬೀಳುತ್ತದೆ. ‘ನಿನ್ನೆ ಅಂಥಾ ಮಳೆ, ಇವರು ಸೊನ್ನೆ ಬರೆದಿದ್ದಾರೆ’ ಎಂದು ರೇಗುವ ಮುನ್ನ ಗಡಿಯಾರ ನೋಡಬೇಕು.

ಇನ್ನುಳಿದದ್ದು ಆ ಸಿಗದ ‘ಇಲ್ಲಿ’. ಅದನ್ನು ಇಲಾಖೆ ಕೊಡಲಾರದು, ನೀವೇ ಅಳೆದುಕೊಳ್ಳಬೇಕು. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಪಾಟಾದ ಡಬ್ಬಿಯೊಂದನ್ನು ತಾರಸಿಯ ನಡುವೆ, ಟ್ಯಾಂಕಿನ, ಮರದ ಮರೆಯಿಲ್ಲದ ಕಡೆ ಇಡಿ. ಗಾಳಿಗೆ ಉರುಳದಂತೆ ಸುತ್ತ ನಾಲ್ಕು ಇಟ್ಟಿಗೆ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲಿನಲ್ಲಿ ನೀರಿನ ಎತ್ತರ ಅಳೆದು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಬರೆದಿಡಿ. ಸ್ಕೇಲಿನ ತುದಿ ಸೊನ್ನೆಯಿಂದಲೇ ಶುರುವಾಗುತ್ತದೆಯೇ ನೋಡಿಕೊಳ್ಳಿ. ಮೊದಲ ವಾರ ನನ್ನ ಲೆಕ್ಕವೆಲ್ಲ ತಪ್ಪಿದ್ದು ಅದರಿಂದಲೇ. ಅಳೆದ ಮೇಲೆ ನೀರು ಚೆಲ್ಲುವುದನ್ನು ಮರೆಯಬೇಡಿ, ಸೊಳ್ಳೆ ಆಗುತ್ತವೆ.